ನಡುವಿನ ಹೆಸರು

ಮಾನವನು ಬರಿಗೈಯಿಂದ ಈ ಲೋಕಕ್ಕೆ ಬರುತ್ತಾನೆಂಬುದು ಎಲ್ಲರೂ ಆಡುವ ಮಾತು. ಹಾಗೆ ಬಂದ ಶಿಶುವಿಗೆ ಹಿರಿಯರು ಕೊಡುವ ಮೊದಲ ಸಂಪತ್ತು ಯಾವುದೆಂದು ವಿಚಾರಿಸಿದರೆ, ಅದು ಹೆಸರೇ ಸರಿ. ತೊಟ್ಟಿಲಿಗೆ ಹಾಕುವ ದಿನ ತೊಡಿಸಿದ ಕುಲಾವಿ ಆರು ತಿಂಗಳಲ್ಲಿ ಸಣ್ಣದಾಗುತ್ತದೆ. ಬೆಳ್ಳಿಯ ಉಡಿದಾರ ವರ್ಷದೊಳಗೆ ಬಿಗಿಯಾಗುತ್ತದೆ. ಅಂದು ಕಿವಿಯಲ್ಲಿ ಉಸುರಿದ ಹೆಸರು ಮಾತ್ರ ಎಂಬತ್ತು ವರ್ಷವಾದರೂ ಮೈಗೆ ಸರಿಯಾಗಿಯೇ ಇರುತ್ತದೆ. ದೇಹ ಬಿದ್ದ ಮೇಲೂ ಸಮಾಧಿಯ ಕಲ್ಲಿನಲ್ಲಿ, ಹೊಲದ ಉತಾರದಲ್ಲಿ, ಮೊಮ್ಮಕ್ಕಳ ಹೆಸರಿನಲ್ಲಿ ಉಳಿಯುತ್ತದೆ. ಇಷ್ಟು ಕಾಲ ಬಾಳುವ ಈ ಸಂಪತ್ತನ್ನು ಆರಿಸಿಕೊಳ್ಳುವ ಅಧಿಕಾರ ಅದರ ಒಡೆಯನಿಗೇ ಇರುವುದಿಲ್ಲ. ಅವನ ಪರವಾಗಿ ಬೇರೆಯವರು ಆರಿಸುತ್ತಾರೆ. ಆದುದರಿಂದಲೇ ಹೆಸರಿಡುವವರ ಮೇಲೆ ಒಂದು ನೈತಿಕ ಹೊಣೆಯಿದೆ.

ಇತ್ತೀಚಿನ ವರ್ಷಗಳಲ್ಲಿ ಶ್ರೀಮಠಕ್ಕೆ ಬರುವ ತರುಣ ದಂಪತಿಗಳು ಮಗುವಿನ ಸ್ವಂತ ಹೆಸರನ್ನು ತಾವೇ ನಿಶ್ಚಯಿಸಿಕೊಂಡು ಬರುತ್ತಾರೆ. ಅವರು ನಮ್ಮನ್ನು ಕೇಳುವ ಪ್ರಶ್ನೆ ಬೇರೆ. ಹೆಸರಿಗೂ ಅಡ್ಡಹೆಸರಿಗೂ ನಡುವೆ ಇರುವ ಸ್ಥಾನದಲ್ಲಿ ಏನನ್ನು ಬರೆಯಿಸಬೇಕು? ತಂದೆಯ ಹೆಸರೇ? ತಾತನ ಹೆಸರೇ? ದೇವರ ಹೆಸರೇ? ತಾಯಿಯ ಹೆಸರು ಬರೆಯಿಸಿದರೆ ದೋಷವೇ? ಹೊರದೇಶದಲ್ಲಿ ನೆಲೆಸಿದವರು, ಅಲ್ಲಿಯ ನಮೂನೆಗಳಲ್ಲಿ ಇದಕ್ಕಾಗಿಯೇ ಒಂದು ಅಂಕಣವಿರುವುದರಿಂದ, ಈ ಪ್ರಶ್ನೆಯನ್ನು ಇನ್ನಷ್ಟು ಆತುರದಿಂದ ಕೇಳುತ್ತಾರೆ. ನೋಡುವುದಕ್ಕೆ ಇದು ಅಲ್ಪ ವಿಷಯ. ಒಳಹೊಕ್ಕು ನೋಡಿದರೆ ಸತ್ಯ, ಋಣ, ಸ್ವಾತಂತ್ರ್ಯ ಎಂಬ ಮೂರು ದೊಡ್ಡ ತತ್ತ್ವಗಳು ಈ ಚಿಕ್ಕ ಸ್ಥಾನದಲ್ಲಿ ಬಂದು ಕೂಡುತ್ತವೆ.

ಮೊದಲು ನಮ್ಮ ನಾಡಿನ ಪದ್ಧತಿಯನ್ನು ನೋಡೋಣ. ಕರ್ನಾಟಕದಲ್ಲಿ ಹೆಸರು ಬರೆಯುವ ರೀತಿ ಒಂದೇ ತೆರನಾಗಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಹೆಸರು, ತಂದೆಯ ಹೆಸರು ಇವುಗಳ ಮೊದಲಕ್ಷರಗಳು ಮುಂದೆ ನಿಂತು, ಸ್ವಂತ ಹೆಸರು ಕೊನೆಗೆ ಬರುತ್ತದೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು, ತಂದೆ, ಮಗ ಈ ಕ್ರಮವಿದೆ. ೧೯೫೬ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಯಪುರದ ಸೀಮೆಯಲ್ಲಿ ಸ್ವಂತ ಹೆಸರು ಮೊದಲು, ತಂದೆಯ ಹೆಸರು ನಡುವೆ, ಅಡ್ಡಹೆಸರು ಕೊನೆಗೆ. ವಚನ ಸಾಹಿತ್ಯದ ಉದ್ಧಾರಕ್ಕೆ ತಮ್ಮ ಬಾಳನ್ನೇ ತೇದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಹೆಸರು ಇದಕ್ಕೆ ನಿದರ್ಶನ. ಅಡ್ಡಹೆಸರುಗಳಂತೂ ಒಂದು ಜಾತ್ರೆಯಷ್ಟು ವಿವಿಧವಾಗಿವೆ. ಕೆಲವು ಊರಿನಿಂದ, ಕೆಲವು ಕಸುಬಿನಿಂದ, ಕೆಲವು ವತನದಿಂದ ಬಂದವು. ಅಂಗಡಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬವು ಯಾವ ಪೂರ್ವಿಕನ ಯಾವ ವ್ಯಾಪಾರದಿಂದ ಬಂದುವೋ, ಆ ಮನೆಯವರೇ ಮರೆತಿರುತ್ತಾರೆ. ಹೀಗೆ ಸ್ವಂತ ಹೆಸರು ವ್ಯಕ್ತಿಯನ್ನು, ಅಡ್ಡಹೆಸರು ಮನೆತನವನ್ನು ಸೂಚಿಸಿದರೆ, ನಡುವಿನ ಹೆಸರು ಇವೆರಡನ್ನೂ ಕೂಡಿಸುವ ಕೊಂಡಿಯಾಗಿದೆ.

ಇನ್ನು ತತ್ತ್ವದ ವಿಚಾರ. ಹೆಸರಿಗೆ ಅರ್ಥವುಂಟೇ ಎಂಬ ಪ್ರಶ್ನೆಯನ್ನು ಪೂರ್ವ ಪಶ್ಚಿಮಗಳ ತಾರ್ಕಿಕರು ಬಹುಕಾಲ ಚರ್ಚಿಸಿದ್ದಾರೆ. ಆಂಗ್ಲ ತತ್ತ್ವಜ್ಞ ಜಾನ್ ಸ್ಟುವರ್ಟ್ ಮಿಲ್ ೧೮೪೩ರಲ್ಲಿ ಪ್ರಕಟಿಸಿದ ತನ್ನ ತರ್ಕಗ್ರಂಥದಲ್ಲಿ, ಅಂಕಿತನಾಮವು ವ್ಯಕ್ತಿಯನ್ನು ಗುರುತಿಸುತ್ತದೆಯೇ ಹೊರತು ಅವನ ಗುಣವನ್ನು ಹೇಳುವುದಿಲ್ಲವೆಂದು ಪ್ರತಿಪಾದಿಸಿದನು. ಡಾರ್ಟ್ ನದಿಯ ಮುಖದಲ್ಲಿರುವ ಊರಿಗೆ ಡಾರ್ಟ್‌ಮೌತ್ ಎಂಬ ಹೆಸರು ಬಂದಿತು. ನಾಳೆ ನದಿ ತನ್ನ ಪಾತ್ರವನ್ನು ಬದಲಿಸಿದರೂ ಊರಿನ ಹೆಸರು ಬದಲಾಗಬೇಕಾಗಿಲ್ಲ, ಎಂಬುದು ಅವನು ಕೊಟ್ಟ ನಿದರ್ಶನ. ಇದು ನಮ್ಮ ಅನುಭವಕ್ಕೂ ಒಪ್ಪುವ ಮಾತೇ. ಧನಪಾಲನೆಂಬವನು ದರಿದ್ರನಾಗಿರಬಹುದು, ಶಾಂತಪ್ಪನೆಂಬವನು ಕಡುಕೋಪಿಯಾಗಿರಬಹುದು. ಅದರಿಂದ ಅವರ ಹೆಸರು ಸುಳ್ಳಾಯಿತೆಂದು ಯಾರೂ ನ್ಯಾಯಸ್ಥಾನಕ್ಕೆ ಹೋಗುವುದಿಲ್ಲ. ಸ್ವಂತ ಹೆಸರು ಒಂದು ಸಂಕೇತ. ಸಂಕೇತಕ್ಕೆ ಸತ್ಯಾಸತ್ಯದ ಅಂಟು ಇಲ್ಲ.

ನಡುವಿನ ಹೆಸರಿನ ಸಂಗತಿ ಹಾಗಲ್ಲ. ನಮ್ಮ ಸೀಮೆಯಲ್ಲಿ ಅದನ್ನು ಓದಿದವರು 'ಇಂಥವನು ಇಂಥವರ ಮಗ' ಎಂದು ತಿಳಿಯುತ್ತಾರೆ. ಅಂದರೆ ಅದು ರೂಪದಲ್ಲಿ ಹೆಸರು, ಅರ್ಥದಲ್ಲಿ ವಾಕ್ಯ. ಹೆಸರು ಸುಳ್ಳಾಗಲಾರದು, ವಾಕ್ಯ ಸುಳ್ಳಾಗಬಹುದು. ಈ ಭೇದವನ್ನು ಮನಗಂಡರೆ, ನಡುವಿನ ಹೆಸರನ್ನು ಆರಿಸುವುದು ಬರಿಯ ಅಭಿರುಚಿಯ ಮಾತಲ್ಲವೆಂಬುದು ಸ್ಪಷ್ಟವಾಗುತ್ತದೆ.

ನಮ್ಮ ಪ್ರಾಚೀನರೂ ಈ ಭೇದವನ್ನು ಅರಿತಿದ್ದಂತೆ ತೋರುತ್ತದೆ. ಮಗನಿಗಿಡುವ ಹೆಸರು ಕೃತ್ ಪ್ರತ್ಯಯದಿಂದ ಆದುದಾಗಿರಬೇಕು, ತದ್ಧಿತದಿಂದ ಆದುದಾಗಿರಬಾರದು ಎಂಬ ನಿಯಮವನ್ನು ಪತಂಜಲಿಯ ಮಹಾಭಾಷ್ಯದ ಆರಂಭದಲ್ಲಿ ಕಾಣುತ್ತೇವೆ. 'ಇಂಥವರ ಸಂತಾನ' ಎಂಬರ್ಥವನ್ನು ಕೊಡುವುದು ತದ್ಧಿತ. ದಶರಥನ ಮಗ ದಾಶರಥಿ, ಸುಮಿತ್ರೆಯ ಮಗ ಸೌಮಿತ್ರಿ. ಮಗುವಿನ ಸ್ವಂತ ಹೆಸರು ಅವನದೇ ಆಗಿರಲಿ, ಹೆತ್ತವರ ಸಂಬಂಧವನ್ನು ಹೇಳುವ ಹೆಸರು ಬೇರೆಯಾಗಿರಲಿ ಎಂಬ ವಿವೇಕ ಈ ನಿಯಮದಲ್ಲಿ ಅಡಗಿದೆಯೆಂದು ನಾವು ಭಾವಿಸುತ್ತೇವೆ.

ಸಂಬಂಧವನ್ನು ಹೇಳುವ ಹೆಸರು ತಂದೆಯಿಂದಲೇ ಬರಬೇಕೆಂಬ ಕಟ್ಟುಪಾಡು ಉಂಟೇ? ವ್ಯಾಕರಣದಲ್ಲಿಲ್ಲ. ತಾಯಿಯ ಹೆಸರಿನಿಂದ ಮಕ್ಕಳ ಹೆಸರನ್ನು ಸಾಧಿಸುವುದಕ್ಕೆ ಪಾಣಿನಿಯು ಪ್ರತ್ಯೇಕ ಸೂತ್ರವನ್ನೇ ಮಾಡಿದ್ದಾನೆ. ಕುಂತಿಯ ಮಗ ಕೌಂತೇಯ, ಗಂಗೆಯ ಮಗ ಗಾಂಗೇಯ, ವಿನತೆಯ ಮಗ ವೈನತೇಯ. ಆ ಪಾಣಿನಿಯೂ ದಾಕ್ಷೀಪುತ್ರನೆಂದು, ತಾಯಿಯ ಮೂಲಕವಾಗಿ ಪ್ರಸಿದ್ಧನು. ನಮ್ಮ ಊರೂರಿನ ಅಗಸೆಯಲ್ಲಿ ನಿಂತಿರುವ ಹನುಮನನ್ನು ಆಂಜನೇಯನೆಂದು ಕರೆಯುವಾಗ ನಾವು ಅವನ ತಾಯಿಯ ಹೆಸರನ್ನು ಹೇಳುತ್ತಿದ್ದೇವೆಂಬುದು ಎಷ್ಟು ಜನರ ಲಕ್ಷ್ಯಕ್ಕೆ ಬಂದಿದೆ? ಸಾತವಾಹನ ಅರಸರು ಗೌತಮೀಪುತ್ರ ಶಾತಕರ್ಣಿ, ವಾಸಿಷ್ಠೀಪುತ್ರ ಪುಳುಮಾವಿ ಎಂದು ಶಾಸನಗಳಲ್ಲಿ ಕರೆಸಿಕೊಂಡರು. ಬಾದಾಮಿಯ ಚಾಲುಕ್ಯರ ಶಾಸನಗಳಲ್ಲಿ ಹಾರೀತೀಪುತ್ರರೆಂಬ ವಿಶೇಷಣ ಬರುತ್ತದೆ. ನಮ್ಮ ಕಾಲಕ್ಕೆ ಬಂದರೆ, ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಲೋಕವ್ಯವಹಾರದಲ್ಲಿ ತಂದೆಯ ಹೆಸರನ್ನು ಉಳಿಸಿಕೊಂಡು, ಕವಿತೆ ಬರೆಯುವಾಗ ಅಂಬಿಕಾತನಯದತ್ತರಾದರು. ಒಂದೇ ಬಾಳಿನಲ್ಲಿ ಎರಡು ಋಣಗಳಿಗೂ ಅವರು ಎಡೆ ಮಾಡಿಕೊಟ್ಟರು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಅರಸರು ತಾಯಿಯ ಹೆಸರನ್ನು ಹೇಳಿಕೊಂಡರೆಂಬುದರಿಂದ ಆ ಕಾಲದಲ್ಲಿ ಸ್ತ್ರೀಯರಿಗೆ ಸಮಾನ ಸ್ಥಾನವಿತ್ತೆಂದು ಊಹಿಸಲಾಗದು. ಒಬ್ಬ ಅರಸನಿಗೆ ಹಲವು ರಾಣಿಯರಿರುವಾಗ ಯಾವ ರಾಣಿಯ ಮಗನೆಂದು ಗುರುತಿಸುವುದಕ್ಕೂ ಇದು ಉಪಯೋಗವಾಗಿರಬೇಕು. ಪೂರ್ವದ ನಿದರ್ಶನಗಳು ನಮಗೆ ದಾರಿ ಮುಚ್ಚಿಲ್ಲವೆಂಬುದನ್ನು ಮಾತ್ರ ತೋರಿಸುತ್ತವೆ. ಆ ದಾರಿಯಲ್ಲಿ ಏಕೆ ನಡೆಯಬೇಕೆಂಬುದಕ್ಕೆ ಕಾರಣವನ್ನು ನಾವೇ ಕಂಡುಕೊಳ್ಳಬೇಕು.

ಛಾಂದೋಗ್ಯೋಪನಿಷತ್ತಿನ ಸತ್ಯಕಾಮನ ಕಥೆ ಆ ಕಾರಣದ ಕಡೆಗೆ ನಮ್ಮನ್ನು ಕರೆದೊಯ್ಯುತ್ತದೆ. ಗುರುಕುಲಕ್ಕೆ ಹೊರಟ ಬಾಲಕನು ತನ್ನ ಗೋತ್ರ ಯಾವುದೆಂದು ತಾಯಿಯನ್ನು ಕೇಳುತ್ತಾನೆ. ಯೌವನದಲ್ಲಿ ಅನೇಕ ಕಡೆ ಪರಿಚಾರಿಕೆಯಾಗಿ ದುಡಿಯುತ್ತಿದ್ದಾಗ ನಿನ್ನನ್ನು ಪಡೆದೆನು, ಗೋತ್ರವನ್ನು ನಾನರಿಯೆನು, ನಾನು ಜಬಾಲೆ, ನೀನು ಸತ್ಯಕಾಮ, ಆದುದರಿಂದ ಸತ್ಯಕಾಮ ಜಾಬಾಲನೆಂದು ಹೇಳಿಕೋ ಎಂದು ಆಕೆ ತಿಳಿಸುತ್ತಾಳೆ. ಬಾಲಕನು ಗೌತಮ ಋಷಿಯ ಮುಂದೆ ನಿಂತು ಅದನ್ನೇ ನುಡಿಯುತ್ತಾನೆ. ಸತ್ಯದಿಂದ ಸರಿಯಲಿಲ್ಲವೆಂಬ ಒಂದೇ ಕಾರಣಕ್ಕಾಗಿ ಋಷಿ ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸುತ್ತಾನೆ. ಈ ಕಥೆಯಲ್ಲಿ ಬಾಲಕನ ಸತ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಅವನಿಗಿಂತ ಮೊದಲು ಸತ್ಯವನ್ನು ನುಡಿದವಳು ಜಬಾಲೆ. ಒಂದು ಗೋತ್ರವನ್ನು ಕಲ್ಪಿಸಿ ಹೇಳಿದ್ದರೆ ಕೇಳುವವರಾರು? ಆಕೆ ಮಗನ ಹೆಸರಿನೊಳಗೆ ಸುಳ್ಳನ್ನು ಸೇರಿಸಲಿಲ್ಲ.

ಇನ್ನು ಋಣದ ವಿಚಾರ. ಕರ್ಣನು ಹುಟ್ಟಿನಿಂದ ಕೌಂತೇಯ. ಲೋಕವು ಅವನನ್ನು ರಾಧೇಯನೆಂದು ಕರೆಯಿತು. ಜನ್ಮರಹಸ್ಯವನ್ನು ತಿಳಿದ ಮೇಲೂ ಅವನು ರಾಧೆಯ ಸಂಬಂಧವನ್ನು ಬಿಟ್ಟುಕೊಡಲಿಲ್ಲ. ಹೆತ್ತ ಋಣ ಒಂದು, ಸಾಕಿದ ಋಣ ಇನ್ನೊಂದು. ಎರಡೂ ಒಂದೇ ವ್ಯಕ್ತಿಯಲ್ಲಿ ಕೂಡಿರುವುದು ಭಾಗ್ಯ. ಕೂಡದಿದ್ದಾಗ ಯಾವುದನ್ನು ಹೆಸರಿನಲ್ಲಿ ಹೇಳಬೇಕೆಂಬ ಪ್ರಶ್ನೆ ಏಳುತ್ತದೆ. ಶರಣರು ಈ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ ಇವರ ಹೆಸರಿನ ಪಕ್ಕದಲ್ಲಿ ತಂದೆಯೂ ಇಲ್ಲ, ಊರೂ ಇಲ್ಲ, ಅವರವರ ಕಾಯಕವಿದೆ. ಬಸವಣ್ಣನವರು ತಮ್ಮ ವಚನದಲ್ಲಿ ಮಾದಾರ ಚೆನ್ನಯ್ಯನನ್ನು ತಂದೆಯ ಸ್ಥಾನದಲ್ಲಿರಿಸಿ ನುಡಿದರು. ರಕ್ತವು ಹೇಳಿದ ಸಂಬಂಧಕ್ಕಿಂತ ಋಣವು ಹೇಳಿದ ಸಂಬಂಧವನ್ನು ಅವರು ಮೇಲಾಗಿ ಕಂಡರು.

ನಮ್ಮಂಥ ಮಠಸ್ಥರ ಬಾಳಿನಲ್ಲಿ ಇದು ಪ್ರತಿದಿನದ ಅನುಭವ. ದೀಕ್ಷೆಯಾದ ಮೇಲೆ ಶಿಷ್ಯನು ಗುರುವಿನ ಕರಕಮಲದಿಂದ ಸಂಜಾತನಾದವನು. ಪೂರ್ವಾಶ್ರಮದ ತಂದೆತಾಯಿಗಳ ಹೆಸರು ಅವನ ಹೆಸರಿನೊಡನೆ ಬರುವುದಿಲ್ಲ. ಸರಕಾರಿ ನಮೂನೆಗಳಲ್ಲಿ 'ತಂದೆಯ ಹೆಸರು' ಎಂಬ ಅಂಕಣದ ಮುಂದೆ ಲೇಖನಿ ನಿಲ್ಲುತ್ತಿತ್ತು. ೨೦೧೬ರ ಡಿಸೆಂಬರಿನಲ್ಲಿ ಕೇಂದ್ರದ ವಿದೇಶಾಂಗ ಮಂತ್ರಾಲಯವು ಪಾಸ್‌ಪೋರ್ಟಿನ ನಿಯಮಗಳನ್ನು ಸಡಿಲಿಸಿ, ಸಾಧು ಸಂನ್ಯಾಸಿಗಳು ಹೆತ್ತವರ ಹೆಸರಿನ ಬದಲು ಗುರುವಿನ ಹೆಸರನ್ನು ಕೊಡಬಹುದೆಂದು ಪ್ರಕಟಿಸಿತು. ಅದೇ ಪ್ರಕಟಣೆಯಲ್ಲಿ ಇನ್ನೊಂದು ಅಂಶವಿತ್ತು. ತಂದೆ, ತಾಯಿ ಅಥವಾ ಪಾಲಕ ಇವರಲ್ಲಿ ಒಬ್ಬರ ಹೆಸರನ್ನು ಕೊಟ್ಟರೆ ಸಾಕು, ಇಬ್ಬರದನ್ನೂ ಕೊಡಬೇಕಾಗಿಲ್ಲ ಎಂಬುದು. ಸಂನ್ಯಾಸಿಗೂ ಒಂಟಿ ತಾಯಿಯ ಮಗುವಿಗೂ ಒಂದೇ ದಿನ ಒಂದೇ ಬಾಗಿಲು ತೆರೆಯಿತೆಂಬುದು ನಮಗೆ ಆಲೋಚನೆಗೆ ಎಡೆಮಾಡಿದ ಸಂಗತಿ. ನಮ್ಮ ಹೆಸರಿನಿಂದ ತಾಯಿಯ ಹೆಸರು ಅಳಿಸಿಹೋದುದು ಧರ್ಮಕ್ಕಾಗಿ. ಗೃಹಸ್ಥರ ಮಕ್ಕಳ ಹೆಸರಿನಲ್ಲಿ ಅದು ಯಾವ ಧರ್ಮಕ್ಕಾಗಿ ಅಳಿಸಿದೆ?

ಕೆಲವು ವರ್ಷಗಳ ಹಿಂದೆ ನಮ್ಮ ಮುಂದೆ ಬಂದ ಒಂದು ಪ್ರಸಂಗವನ್ನು ಇಲ್ಲಿ ಉಲ್ಲೇಖಿಸಬಯಸುತ್ತೇವೆ. ಶ್ರೀಮಠದ ಪ್ರಸಾದನಿಲಯದಲ್ಲಿ ಓದಿ, ಮುಂದೆ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿ ನಿವೃತ್ತರಾದ ಒಬ್ಬ ಭಕ್ತರು ಹೆಂಡತಿ, ಮಗಳು, ಮೂರು ತಿಂಗಳ ಮೊಮ್ಮಗನೊಡನೆ ಬಂದರು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳನ್ನು ಅಳಿಯನು ಮರಳಿ ಕರೆದೊಯ್ಯಲಿಲ್ಲ. ಮಗುವಿನ ಮುಖ ನೋಡುವುದಕ್ಕೂ ಬರಲಿಲ್ಲ. ಹಿರಿಯರು ಹೋಗಿ ಮಾತನಾಡಿದುದು ವ್ಯರ್ಥವಾಯಿತು. ಮಗುವಿಗೆ ಹೆಸರಿಟ್ಟಾಗಿತ್ತು. ನಡುವಿನ ಸ್ಥಾನ ಬರಿದಾಗಿತ್ತು. ಅಳಿಯನ ಹೆಸರನ್ನೇ ಬರೆಯಿಸಬೇಕೆಂದು ಅಜ್ಜಿಯ ಅಭಿಪ್ರಾಯ. 'ನಾಳೆ ಸಾಲ್ಯಾಗ ನಿಮ್ಮಪ್ಪ ಯಾರಂತ ಕೇಳಿದ್ರ ಕೂಸು ಏನ್ ಹೇಳಬೇಕ್ರೀ ಅಜ್ಜಾರ? ಮಂದಿ ಏನಂದಾರು?' ಎಂದು ಆ ತಾಯಿ ಕಣ್ಣೊರೆಸಿಕೊಂಡರು. ಮೊಮ್ಮಗನನ್ನು ತಾವು ಸಾಕುತ್ತಿರುವುದರಿಂದ ತಮ್ಮ ಹೆಸರು ಬರಲೆಂದು ಶಿಕ್ಷಕರ ಇಚ್ಛೆ. ಮಗಳು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, 'ನನ್ನ ಹೆಸರು ಇರಲಿ' ಎಂದಳು.

ಮೂವರ ಮಾತಿನಲ್ಲಿಯೂ ಪ್ರೀತಿಯಿತ್ತು. ಆದುದರಿಂದ ಪ್ರೀತಿಯಿಂದ ನಿರ್ಣಯ ಮಾಡುವಂತಿರಲಿಲ್ಲ, ವಿಚಾರದಿಂದ ಮಾಡಬೇಕಾಯಿತು. ಅಜ್ಜನ ಹೆಸರನ್ನು ಮೊದಲು ಪರಿಶೀಲಿಸಿದೆವು. ನಮ್ಮ ಸೀಮೆಯಲ್ಲಿ ಆ ಸ್ಥಾನದಲ್ಲಿರುವ ಗಂಡಸಿನ ಹೆಸರನ್ನು ತಂದೆಯದೆಂದೇ ಓದುತ್ತಾರೆ. ಅಲ್ಲಿ ತಾಯಿಯ ತಂದೆಯ ಹೆಸರನ್ನು ಬರೆದರೆ ಓದಿದವರೆಲ್ಲ ಒಂದು ಅಸತ್ಯವನ್ನು ತಿಳಿಯುತ್ತಾರೆ. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ಶಿಕ್ಷಕರು ಇದನ್ನು ನಮಗಿಂತ ಮೊದಲೇ ಒಪ್ಪಿದರು. ಬಿಟ್ಟುಹೋದ ತಂದೆಯ ಹೆಸರು ಬರೆದರೆ ಅದು ಸುಳ್ಳೇನೂ ಅಲ್ಲ, ಜನ್ಮದಾತನು ಅವನೇ. ಆದರೆ ಆ ಸತ್ಯಕ್ಕೆ ಬೇರೆ ಸ್ಥಾನವಿದೆ. ಜನನ ನೋಂದಣಿಯಲ್ಲಿ ತಂದೆಗೆ ಒಂದು ಅಂಕಣ, ತಾಯಿಗೆ ಒಂದು ಅಂಕಣ ಉಂಟು. ಅಲ್ಲಿ ಅವನ ಹೆಸರು ಯಥಾರ್ಥವಾಗಿ ಇರತಕ್ಕದ್ದು, ಅದನ್ನು ಮರೆಮಾಚಬಾರದು. ದಿನದಿನವೂ ಕರೆಯುವ, ಬರೆಯುವ ಹೆಸರು ಹುಟ್ಟಿನ ದಾಖಲೆಯಲ್ಲ. ಅದು ಬಾಳಿನ ದಾಖಲೆ. ಅಲ್ಲಿ ಯಾರ ಋಣವನ್ನು ಮಗು ಹೊತ್ತಿರುವುದೋ ಅವರ ಹೆಸರು ಬಂದರೆ ಸತ್ಯಕ್ಕೆ ಭಂಗವಿಲ್ಲ.

ಉಳಿದುದು ತಾಯಿಯ ಹೆಸರು. ಆಕೆಗೆ ನಾವು ಒಂದೇ ಪ್ರಶ್ನೆ ಹಾಕಿದೆವು: 'ತಂಗೀ, ಈ ಹೆಸರನ್ನು ಮಗನಿಗಾಗಿ ಬರೆಸುತ್ತೀಯೋ, ಗಂಡನ ಮೇಲಿನ ಸಿಟ್ಟಿಗಾಗಿ ಬರೆಸುತ್ತೀಯೋ? ಮಗ ದೊಡ್ಡವನಾಗಿ ತಂದೆಯ ವಿಷಯ ಕೇಳಿದ ದಿನ, ಜಬಾಲೆಯಂತೆ ಇದ್ದುದನ್ನು ಇದ್ದಂತೆ ಹೇಳಬಲ್ಲೆಯಾ?' ಆಕೆ ತಕ್ಷಣ ಉತ್ತರ ಕೊಡಲಿಲ್ಲ. ತಕ್ಷಣ ಕೊಟ್ಟಿದ್ದರೆ ನಮಗೆ ಸಂದೇಹವಾಗುತ್ತಿತ್ತು. ಸಿಟ್ಟು ಇಲ್ಲವೆಂದು ಹೇಳಲಾರೆ, ಆದರೆ ಮಗನ ಹೆಸರಿನಲ್ಲಿ ಅದನ್ನು ಇಡುವುದಿಲ್ಲ ಎಂದು ಆಮೇಲೆ ಹೇಳಿದಳು. ಹೆಸರಿನಲ್ಲಿ ಸುಳ್ಳನ್ನು ಇಡಬಾರದೆಂಬುದು ಒಂದು ನಿಯಮವಾದರೆ, ದ್ವೇಷವನ್ನೂ ಇಡಬಾರದೆಂಬುದು ಇನ್ನೊಂದು. ಆ ಮಗುವಿನ ನಡುವಿನ ಹೆಸರು ತಾಯಿಯದಾಯಿತು.

ಕಾಯಿದೆಯೂ ಇಂದು ಇದಕ್ಕೆ ಅಡ್ಡಿ ಬರುವುದಿಲ್ಲ. ೧೯೫೬ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವದ ಕಾಯಿದೆಯು ಮಗುವಿನ ಸಹಜ ಪಾಲಕನು ತಂದೆ, ಅವನ 'ನಂತರ' ತಾಯಿ ಎಂದು ಹೇಳಿತ್ತು. ಆ 'ನಂತರ' ಎಂಬುದಕ್ಕೆ ತಂದೆ ಸತ್ತ ನಂತರ ಎಂದೇ ಅರ್ಥವಲ್ಲ, ತಂದೆಯು ಮಗುವಿನ ಪಾಲನೆಯಲ್ಲಿ ಇಲ್ಲದಿರುವಾಗಲೂ ತಾಯಿಯೇ ಪಾಲಕಳು ಎಂದು ಸರ್ವೋಚ್ಚ ನ್ಯಾಯಾಲಯವು ೧೯೯೯ರಲ್ಲಿ ಅರ್ಥೈಸಿತು. ಅವಿವಾಹಿತ ತಾಯಿಯು ತಂದೆಯ ಹೆಸರನ್ನು ಹೇಳದೆಯೇ ಮಗುವಿನ ಜನನ ಪ್ರಮಾಣಪತ್ರವನ್ನು ಪಡೆಯಬಹುದೆಂದು ೨೦೧೫ರಲ್ಲಿ ತೀರ್ಪಿತ್ತಿತು. ತಂದೆ ತೀರಿಕೊಂಡ ಮೇಲೆ ಮಗುವಿನ ಅಡ್ಡಹೆಸರನ್ನು ನಿಶ್ಚಯಿಸುವ ಅಧಿಕಾರ ಏಕಮಾತ್ರ ಸಹಜ ಪಾಲಕಳಾದ ತಾಯಿಗೆ ಇದೆಯೆಂದು ೨೦೨೨ರಲ್ಲಿ ಸ್ಪಷ್ಟಪಡಿಸಿತು. ನೆರೆಯ ಮಹಾರಾಷ್ಟ್ರದಲ್ಲಿ, ೨೦೨೪ರ ಮೇ ೧ರಂದು ಮತ್ತು ಅನಂತರ ಹುಟ್ಟಿದ ಮಕ್ಕಳ ಹೆಸರನ್ನು ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಬರೆಯಬೇಕೆಂದು ಅಲ್ಲಿಯ ಸರಕಾರ ನಿರ್ಣಯಿಸಿತು. ಹೊರದೇಶಗಳನ್ನು ನೋಡಿದರೆ, ರಷ್ಯದವರ ಹೆಸರಿನ ನಡುವೆ ತಂದೆಯ ಹೆಸರು ಬರುತ್ತದೆ. ಸ್ಪೇನ್ ದೇಶದವರು ತಂದೆಯ ಮತ್ತು ತಾಯಿಯ ಮನೆತನಗಳೆರಡನ್ನೂ ಹೇಳುತ್ತಾರೆ. ಐಸ್‌ಲೆಂಡಿನಲ್ಲಿ ತಂದೆಯ ಹೆಸರಿನಿಂದಲಾಗಲಿ ತಾಯಿಯ ಹೆಸರಿನಿಂದಲಾಗಲಿ ಮಕ್ಕಳನ್ನು ಗುರುತಿಸಬಹುದು.

ಆದರೂ ಆ ಅಜ್ಜಿಯ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿಲ್ಲ. ಶಾಲೆಯಲ್ಲಿ ಗುರುಗಳು ಹಾಜರಿ ಕರೆಯುವಾಗ ಉಳಿದ ಮಕ್ಕಳ ಹೆಸರಿನ ನಡುವೆ ತಂದೆ, ಈ ಒಂದು ಮಗುವಿನ ಹೆಸರಿನ ನಡುವೆ ತಾಯಿ. ಮಕ್ಕಳು ತಿರುಗಿ ನೋಡುವುದು ಸಹಜ. ಆ ನೋಟದ ಭಾರವನ್ನು ಹೊರುವವರು ತೀರ್ಪು ಕೊಟ್ಟ ನ್ಯಾಯಾಧೀಶರೂ ಅಲ್ಲ, ಉಪದೇಶ ಮಾಡಿದ ಸ್ವಾಮಿಗಳೂ ಅಲ್ಲ. ಆರು ವರ್ಷದ ಹುಡುಗ. ಹಾಗಾದರೆ ತಾಯಿಯ ಹೆಸರನ್ನು ಅಡಗಿಸುವುದು ಪರಿಹಾರವೇ? ಅಲ್ಲವೆಂದು ನಮ್ಮ ದೃಢವಾದ ಅಭಿಪ್ರಾಯ. ಆ ಹೆಸರು ಕಳಂಕದಂತೆ ಕಾಣುವುದು ಅದು ಒಂಟಿಯಾಗಿರುವುದರಿಂದ. ಗಂಡಹೆಂಡಿರು ಅನ್ಯೋನ್ಯವಾಗಿ ಬಾಳುವ ಮನೆಗಳ ಮಕ್ಕಳ ಹೆಸರಿನಲ್ಲಿಯೂ ತಾಯಿಯ ಹೆಸರಿದ್ದರೆ, ಅದು ಯಾರ ಕೊರತೆಯ ಗುರುತೂ ಆಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹತ್ತು ಮಕ್ಕಳ ಹೆಸರಿನಲ್ಲಿ ತಾಯಿ ಇದ್ದರೆ ಹನ್ನೊಂದನೆಯ ಮಗುವನ್ನು ಯಾರೂ ತಿರುಗಿ ನೋಡುವುದಿಲ್ಲ.

ಆದುದರಿಂದ ಈ ವಿಷಯದಲ್ಲಿ ಕರ್ತವ್ಯವಿರುವುದು ಸಂಕಟದಲ್ಲಿರುವವರಿಗಿಂತ ಹೆಚ್ಚಾಗಿ ಸುಖವಾಗಿರುವವರಿಗೆ. ಯಾವ ಮನೆಯಲ್ಲಿ ತಂದೆಯ ಹೆಸರಿಗೆ ಕೊರತೆಯಿಲ್ಲವೋ, ಯಾವ ಮನೆಯಲ್ಲಿ ಜನರ ಮಾತಿಗೆ ಹೆದರುವ ಕಾರಣವಿಲ್ಲವೋ, ಆ ಮನೆಯವರು ಮಗನ ಹೆಸರಿನಲ್ಲಿ ತಾಯಿಗೂ ಒಂದು ಎಡೆ ಕೊಟ್ಟರೆ, ಯಾವುದೋ ಊರಿನ ಯಾವುದೋ ಒಂಟಿ ತಾಯಿಯ ಮಗುವಿಗೆ ನೆರಳು ಮಾಡಿದಂತಾಗುತ್ತದೆ. ಖರ್ಚಿಲ್ಲದ ದಾಸೋಹವಿದು.

'ತಂದೆಗೆ ಇದರಿಂದ ಅಗೌರವವಾಗುವುದಿಲ್ಲವೇ?' ಎಂದು ಕೆಲವರು ಕೇಳಬಹುದು. ಮಗನ ಹೆಸರಿನಲ್ಲಿ ತನ್ನ ಹೆಸರನ್ನು ಕೇಳುವ ಸಂತೋಷ ತಂದೆಗೆ ಸಹಜವಾದುದು, ಯೋಗ್ಯವಾದುದು. ಅದನ್ನು ಕಸಿಯಬೇಕೆಂದು ನಾವು ಹೇಳುತ್ತಿಲ್ಲ. ಎರಡು ಹೆಸರುಗಳನ್ನೂ ಇಡಬಹುದು. ಹಿರಿಯ ಮಗನಿಗೆ ತಂದೆಯದು, ಕಿರಿಯನಿಗೆ ತಾಯಿಯದು ಎಂದೂ ಮಾಡಬಹುದು. ಮಗನ ಹೆಸರಿನಲ್ಲಿ ಹೆಂಡತಿಯ ಹೆಸರು ಬಂದರೆ ಕುಂದುವಷ್ಟು ಗೌರವ ಯಾವ ಸದ್ಗೃಹಸ್ಥನಲ್ಲಿಯೂ ಇರಲಾರದೆಂದು ನಂಬಿದ್ದೇವೆ. ನಮ್ಮ ಮನೆಗಳಲ್ಲಿ ಸೊಸೆಯು ಮಾವನ ಹೆಸರನ್ನು ಉಚ್ಚರಿಸದಿರುವ ರೂಢಿಯಿತ್ತು. ಮಾವನ ಹೆಸರನ್ನೇ ಮಗನಿಗಿಟ್ಟಾಗ ಅವಳು ಹೆತ್ತ ಮಗುವನ್ನು ಅವನ ಹೆಸರಿನಿಂದ ಕರೆಯಲಾರದೆ 'ಅಜ್ಜಪ್ಪಾ' ಎಂದು ಕರೆಯುತ್ತಿದ್ದಳು. ಮದುವೆಯಾದಾಗ ತನ್ನ ಹೆಸರಿನ ನಡುವೆ ಇದ್ದ ತಂದೆಯನ್ನು ಬಿಟ್ಟು ಗಂಡನನ್ನು ಬರೆದುಕೊಂಡಳು. ಹೆಸರುಗಳ ವಿಷಯದಲ್ಲಿ ಇಷ್ಟೆಲ್ಲವನ್ನು ಬಿಟ್ಟುಕೊಟ್ಟವಳಿಗೆ ಒಂದು ಹೆಸರಿನ ಸ್ಥಾನವನ್ನು ಕೊಡುವುದು ಔದಾರ್ಯವೂ ಅಲ್ಲ, ಬಾಕಿ ತೀರಿಸುವುದಷ್ಟೆ.

ಮೂರನೆಯದು ಸ್ವಾತಂತ್ರ್ಯದ ವಿಚಾರ. ಹೆಸರಿಡುವವರು ನಾವು, ಹೊರುವವನು ಮಗು. ಅಮೆರಿಕದ ೩೩ನೆಯ ಅಧ್ಯಕ್ಷರಾಗಿದ್ದ ಹ್ಯಾರಿ ಎಸ್. ಟ್ರೂಮನ್ ಅವರ ಹೆಸರಿನ ನಡುವಣ 'ಎಸ್' ಯಾವ ಹೆಸರಿನ ಸಂಕ್ಷೇಪವೂ ಅಲ್ಲ. ತಂದೆಯ ತಂದೆಯ ಹೆಸರಿನಲ್ಲಿ ಶಿಪ್ ಎಂಬ ಭಾಗವಿತ್ತು, ತಾಯಿಯ ತಂದೆಯ ಹೆಸರು ಸಾಲೊಮನ್. ಇಬ್ಬರಿಗೂ ಸಲ್ಲಲೆಂದು ಹೆತ್ತವರು ಬರಿಯ ಒಂದು ಅಕ್ಷರವನ್ನು ಇಟ್ಟರು. ಎರಡು ಮನೆತನಗಳ ಜಗ್ಗಾಟವನ್ನು ಮಗುವಿನ ಹೆಸರಿನ ಹೊರಗೇ ನಿಲ್ಲಿಸಿದ ಆ ಜಾಣತನ ಮೆಚ್ಚತಕ್ಕದ್ದು. ನಮ್ಮಲ್ಲಿ ಅಜ್ಜನ ಹಟ, ಅತ್ತೆಯ ಹಟ, ಜ್ಯೋತಿಷಿಯ ಅಕ್ಷರ, ಸೋದರಮಾವನ ಮೆಚ್ಚುಗೆ ಎಲ್ಲವನ್ನೂ ಸೇರಿಸಿ, ಯಾವ ನಮೂನೆಯ ಚೌಕಗಳಲ್ಲಿಯೂ ಹಿಡಿಯದ ಹೆಸರನ್ನು ಕಟ್ಟಿದ ಉದಾಹರಣೆಗಳುಂಟು. ಹಿರಿಯರ ಬಯಕೆಗಳನ್ನು ತೀರಿಸುವುದು ಮಗುವಿನ ಹೆಸರಿನ ಕೆಲಸವಲ್ಲ.

ಈ ಸಂಬಂಧದಲ್ಲಿ ಕೆಲವು ವ್ಯಾವಹಾರಿಕ ಮಾತುಗಳನ್ನೂ ಹೇಳಬೇಕು. ಜನನವನ್ನು ೨೧ ದಿನಗಳೊಳಗೆ ನೋಂದಾಯಿಸಬೇಕು; ಆದರೆ ಅಷ್ಟರೊಳಗೆ ಹೆಸರನ್ನೂ ಬರೆಯಿಸಬೇಕೆಂಬ ನಿರ್ಬಂಧವಿಲ್ಲ. ನೋಂದಣಿಯಾದ ೧೨ ತಿಂಗಳೊಳಗೆ ಶುಲ್ಕವಿಲ್ಲದೆ, ಅನಂತರ ೧೫ ವರ್ಷಗಳವರೆಗೆ ಶುಲ್ಕ ಕೊಟ್ಟು ಹೆಸರನ್ನು ಸೇರಿಸುವ ಅವಕಾಶವಿದೆ. ಆದುದರಿಂದ ಆಸ್ಪತ್ರೆಯ ಮೇಜಿನ ಮುಂದೆ ನಿಂತು ಗಡಿಬಿಡಿಯಿಂದ ನಿರ್ಣಯಿಸಬೇಕಾಗಿಲ್ಲ. ಒಮ್ಮೆ ಬರೆಯಿಸಿದ ಮೇಲೆ ಮಾತ್ರ ಎಲ್ಲ ದಾಖಲೆಗಳಲ್ಲಿಯೂ ಅಕ್ಷರಶಃ ಒಂದೇ ರೂಪವಿರಲಿ. ಏಕೆಂದರೆ ೨೦೨೩ರ ಅಕ್ಟೋಬರ್ ೧ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆ ದಿನದಿಂದೀಚೆಗೆ ಹುಟ್ಟಿದ ಮಕ್ಕಳ ವಿಷಯದಲ್ಲಿ ಶಾಲೆಯ ಪ್ರವೇಶ ಮೊದಲಾದವುಗಳಿಗೆ ಜನನ ಪ್ರಮಾಣಪತ್ರವೇ ಆಧಾರವಾಗಿದೆ. ನಡುವಿನ ಹೆಸರನ್ನು ಬರಿಯ ಮೊದಲಕ್ಷರವಾಗಿ ಬಿಡದೆ ಪೂರ್ಣವಾಗಿ ಬರೆಯಿಸುವುದು ಲೇಸು. ನಮ್ಮ ದೇಶದ ಪಾಸ್‌ಪೋರ್ಟಿನಲ್ಲಿ ನಡುವಿನ ಹೆಸರಿಗೆ ಪ್ರತ್ಯೇಕ ಅಂಕಣವಿಲ್ಲ; ಅದು ಸ್ವಂತ ಹೆಸರಿನ ಜೊತೆಗೋ ಅಡ್ಡಹೆಸರಿನ ಜೊತೆಗೋ ಸೇರುತ್ತದೆ. ಅಡ್ಡಹೆಸರಿನ ಅಂಕಣವನ್ನು ಬರಿದಾಗಿ ಬಿಟ್ಟವರ ಅಮೆರಿಕದ ವೀಸಾದಲ್ಲಿ ಅವರ ಹೆಸರೆಲ್ಲ ಅಡ್ಡಹೆಸರಾಗಿ, ಸ್ವಂತ ಹೆಸರಿನ ಸ್ಥಾನದಲ್ಲಿ 'ಹೆಸರು ತಿಳಿಯದು' ಎಂಬರ್ಥದ ಮೂರು ಅಕ್ಷರಗಳು ಕೂರುತ್ತವೆ. ಹೆತ್ತವರು ಅಷ್ಟು ಅಕ್ಕರೆಯಿಂದ ಆರಿಸಿದ ಹೆಸರಿಗೆ ಆ ಗತಿ ಬಾರದಿರಲಿ.

ಒಟ್ಟಿನಲ್ಲಿ, ನಡುವಿನ ಹೆಸರನ್ನು ನಿಶ್ಚಯಿಸುವ ಮೊದಲು ತಂದೆತಾಯಿಗ‌ಳು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಇದನ್ನು ಓದಿದವರು ತಿಳಿಯುವ ಸಂಗತಿ ನಿಜವೇ? ಈ ಮಗುವಿನ ಬಾಳಿಗೆ ಯಾರು ದುಡಿದಿದ್ದಾರೆಯೋ ಅವರ ಋಣ ಇದರಲ್ಲಿ ಸಂದಿದೆಯೇ? ಮಗು ದೊಡ್ಡವನಾದಾಗ, ಈ ಹೆಸರು ಹೀಗೇಕೆ ಎಂದು ಕೇಳಿದರೆ, ಕಣ್ಣು ತಪ್ಪಿಸದೆ ಉತ್ತರ ಹೇಳಬಲ್ಲೆವೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಆ ಹೆಸರು ತಂದೆಯದಿರಲಿ, ತಾಯಿಯದಿರಲಿ, ಸಾಕಿದವರದಿರಲಿ, ಅದು ಶುಭನಾಮವೇ. ನಮ್ಮಲ್ಲಿ ತೊಟ್ಟಿಲ ಸುತ್ತ ನೆರೆದ ಮುತ್ತೈದೆಯರು ಮಗುವಿನ ಕಿವಿಯಲ್ಲಿ ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ನಗುತ್ತ ಗುದ್ದುವ ಪದ್ಧತಿಯಿದೆ. ಇಷ್ಟು ದೊಡ್ಡ ಹೊರೆಯನ್ನು ಇಷ್ಟು ಸಣ್ಣ ಜೀವದ ಮೇಲೆ ಹೊರಿಸಿದೆಯಲ್ಲ ಎಂದು ಆ ಗುದ್ದು ಹೇಳುತ್ತದೆಯೆಂದು ನಾವು ತಿಳಿಯುತ್ತೇವೆ. ಹೊರೆ ಹೊರಿಸುವವರು ಅದು ಹಗುರವಾಗಿರುವಂತೆ ನೋಡಿಕೊಳ್ಳಲಿ. ಹೊರುವ ಮಕ್ಕಳು ಅದನ್ನು ತಮ್ಮ ಕಾಯಕದಿಂದ ಬೆಳಗಲಿ.